ಗಾಜಿನೊಳಗಿನ ಕರಡಿಗೆ

ಚಾಮರಾಜಪೇಟೆ, ಬೆಂಗಳೂರು
೨೨-೨-೧೯೪೯

ಮಗು ಶೈಲಜಾಳಿಗೆ ನಿನ್ನ ಮಾವ ವೀರಭದ್ರಯ್ಯ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೆ? ಬೆಳಗಿನ ಚಳಿಯಲ್ಲಿ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಟ್ರೈನಿಂಗ್ ಸ್ಕೂಲಿಗೆ ಓಡುತ್ತೀಯೆಂದು ತುಮಕೂರಿನಿಂದ ನಿಮ್ಮ ತಂದೆ ಬರೆದಿದ್ದಾರೆ. ಹಾಗೆ ಮಾಡಬೇಡ. ಪಾಠ ಹೇಳುವವಳಿಗೆ ಗಂಟಲು ಮುಖ್ಯ. ನನ್ನ ಮಂಡಿನೋವು ಹಳೆಯ ಬಾಡಿಗೆದಾರನ ಹಾಗೆ ಮನೆ ಖಾಲಿ ಮಾಡುವ ಮಾತೇ ಆಡುತ್ತಿಲ್ಲ. ಪೇಟೆಯ ಜವಳಿ ಅಂಗಡಿ ನಡೆಯುತ್ತಿದೆ. ನಿನ್ನ ಅತ್ತೆ ದಾಕ್ಷಾಯಣಿಯ ಮೈ ಚೆನ್ನಾಗಿದೆ. ಅವಳ ಸಮಾಚಾರ ಬರೆಯಲೆಂದೇ ಇವತ್ತು ಅಂಗಡಿಗೆ ಹೋಗದೆ ಕೂತಿದ್ದೇನೆ.

ತಿಪಟೂರಿನ ಆ ಉಪಾಧ್ಯಾಯರ ಸಂಬಂಧಕ್ಕೆ ಎರಡು ತಿಂಗಳಿಂದ ಉತ್ತರ ಹೇಳದೆ ಕುಳಿತಿದ್ದೀಯಂತೆ. ‘ನಮ್ಮತ್ತೆ ಬಾಯಲ್ಲಿ ಹೂಂ ಅಂತ ಬರ್ಲಿ, ಆಮೇಲೆ ನೋಡೋಣ’ ಎಂದೆಯಂತೆ. ನಿಜ ಹೇಳುತ್ತೇನೆ, ಆ ಮಾತನ್ನು ನಾನು ಇವಳ ಮುಂದೆ ಎತ್ತಿಯೇ ಇರಲಿಲ್ಲ. ಹೇಗೆ ಎತ್ತಲಿ? ನಮ್ಮ ಮೃತ್ಯುಂಜಯ ಮಲಯದ ಯುದ್ಧದಲ್ಲಿ ಕಾಣೆಯಾಗಿ ಏಳು ವರ್ಷವಾಯಿತು. ಅಲ್ಲೇ ತೀರಿಕೊಂಡನೆಂದು ಸರ್ಕಾರದವರು ತಿಳಿಸಿ ಮೂರು ವರ್ಷವಾದರೂ ಇವಳು ಅವನ ಹೆಸರಿನಲ್ಲಿ ಶಿವಗಣಾರಾಧನೆ ಮಾಡಲು ಬಿಡಲಿಲ್ಲ. ‘ಕಣ್ಣಲ್ಲಿ ನೋಡ್ದೋರು ಯಾರಿದಾರೆ?’ ಅನ್ನುತ್ತಿದ್ದಳು. ಅವನ ಅಂಗಿಗಳನ್ನು ಇಂದಿಗೂ ಒಗೆದು ಮಡಿಸಿಡುತ್ತಾಳೆ. ಮಗ ಬರುತ್ತಾನೆ ಎಂದು ಬಾಗಿಲು ನೋಡುವವಳ ಎದುರು ನಿಂತು ಸೊಸೆಗೆ ಗಂಡು ಬಂದಿದೆ ಎನ್ನಲು ನನಗೆ ಎದೆ ಸಾಲಲಿಲ್ಲ.

ಹೀಗಿರುವಾಗ ಭಾನುವಾರ ನಮ್ಮ ಬೀದಿಯವರೆಲ್ಲ ಒಂದು ಬಸ್ಸು ಗೊತ್ತುಮಾಡಿ ಊರು ನೋಡಲು ಹೊರಟರು. ಹುಟ್ಟಿದಾಗಿನಿಂದ ಇರುವ ಊರನ್ನು ಬಸ್ಸಿನಲ್ಲಿ ಕೂತು ನೋಡುವುದೇನು ಎಂದು ನಾನು ಗೊಣಗಿದೆ. ನಂಜಪ್ಪ ಮೇಷ್ಟರು ಬಿಡಲಿಲ್ಲ. ಪಿಂಚಣಿ ಬಂದ ಮೇಲೆ ಪಾಠ ಕೇಳುವವರಿಲ್ಲದೆ ಅವರು ಬಡವಾಗಿದ್ದಾರೆ, ನಾವು ಸಿಕ್ಕೆವು. ಮೊದಲು ಕೋಟೆಯೊಳಗಿನ ಟಿಪ್ಪು ಅರಮನೆ. ಮೇಷ್ಟರು ಇತಿಹಾಸ ಹೇಳುತ್ತಿದ್ದರೆ ನಿನ್ನತ್ತೆ ‘ಇಷ್ಟೊಂದು ಕಂಬ ಒರೆಸೋರು ಯಾರು ಪಾಪ’ ಎಂದಳು. ಆಮೇಲೆ ಬಸವನಗುಡಿಯ ದೊಡ್ಡ ಬಸವಣ್ಣ, ಅಲ್ಲಿಂದ ಕಬ್ಬನ್ ಪಾರ್ಕಿನ ಮ್ಯೂಸಿಯಂ. ಅಲ್ಲಂತೂ ಮೇಷ್ಟರು ಒಂದೊಂದು ಕಲ್ಲಿನ ಮುಂದೂ ನಿಂತರು. ಕೊನೆಗೆ ತರಕಾರಿ ಪಿಳ್ಳಮ್ಮ ‘ಮೇಷ್ಟ್ರೇ, ಇವತ್ತೇ ಮನೆಗೋಗೋ ಯೋಚ್ನೆ ಐತಾ?’ ಎಂದಾಗ ಎಲ್ಲರೂ ನಕ್ಕೆವು. ನಗು ಮುಗಿದು ತಿರುಗಿದರೆ ನಿನ್ನತ್ತೆ ಪಕ್ಕದಲ್ಲಿಲ್ಲ.

ಒಳಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಚಪ್ಪಲಿಯನ್ನು ದೂರದಲ್ಲಿ ಬಿಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು. ಪೆಟ್ಟಿಗೆಯೊಳಗೆ ಹಳೆಯ ಒಡವೆ, ಬಟ್ಟಲುಗಳ ನಡುವೆ ಒಂದು ಬೆಳ್ಳಿಯ ಕರಡಿಗೆ, ನಾವು ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತೇವಲ್ಲ, ಅದೇ. ಅಂಚು ಸವೆದು ಹೋಗಿತ್ತು. ಕಾವಲಿನವನು ‘ಗಾಜು ಮುಟ್ಬೇಡಿ ಅಮ್ಮಾ’ ಎಂದ. ಇವಳು ಅವನನ್ನೇ ಹಿಡಿದುಕೊಂಡಳು. ‘ಇದ್ರೊಳಗಿದ್ದ ಲಿಂಗ ಎಲ್ಲಪ್ಪಾ?’ ಎಂದಳು. ಅವನು ಖಾಲಿಯೇ ಬಂದದ್ದು ಎಂದ. ‘ಯಾರ ಕೊರಳಿಂದು?’ ಎಂದಳು. ಗೊತ್ತಿಲ್ಲ ಎಂದ. ‘ನಮ್ಮಲ್ಲಿ ಜೀವ ಹೋದ್ಮೇಲೆ ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣಿಗೆ ಕೊಡ್ತಾರಪ್ಪಾ. ಇದನ್ನ ಕಟ್ಕೊಂಡಿದ್ದೋರಿಗೆ ಯಾರು ಇಟ್ರು? ತೆಗ್ದು ಕೊಡು, ನಾವೇ ಮಣ್ಣು ಮಾಡ್ತೀವಿ’ ಎಂದು ಕೈ ಚಾಚಿ ನಿಂತುಬಿಟ್ಟಳು.

ಆ ಬಡಪಾಯಿ ದಂಗಾದ. ಮೇಷ್ಟರು ಮುಂದೆ ಬಂದು, ಇದು ಇನ್ನೂರು ವರ್ಷದ ಹಿಂದಿನದು ದಾಕ್ಷಾಯಣಮ್ಮ, ಪ್ರದರ್ಶನದ ವಸ್ತು ಎಂದು ಶುರುಮಾಡಿದರು. ನಾನು ಅವರಿಗೆ ಸುಮ್ಮನಿರಿ ಎಂದು ಗದರಿದೆ. ಊರವರೆದುರು ಹೆಂಡತಿ ಹೀಗೆ ಮಾಡುತ್ತಿದ್ದಾಳಲ್ಲ ಎಂದು ನಾಚಿಕೆಯಾಗಿದ್ದೂ ನಿಜ. ಅವಳ ತೋಳು ಹಿಡಿದು ಬಾ ಎಂದೆ. ಆಗ ಅವಳು ನನ್ನ ಕಡೆ ತಿರುಗಿ, ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವಷ್ಟು ಮೆಲ್ಲಗೆ, ‘ರೀ, ನಮ್ಮ ಹುಡುಗನ ಅಂಗೈಯಲ್ಲಿ ಯಾರೂ ಇಟ್ಟಿರಲ್ಲ ಅಲ್ವಾ?’ ಎಂದಳು.

ಶೈಲಜಾ, ಈ ಏಳು ವರ್ಷದಲ್ಲಿ ಅವಳು ಅವನನ್ನು ಹೋದವನೆಂದು ಮಾತಾಡಿದ್ದು ಅದೇ ಮೊದಲು. ಅವಳು ಆ ನೆಲದ ಮೇಲೆಯೇ ಕೂತುಬಿಟ್ಟಳು, ನಾನೂ ಪಕ್ಕದಲ್ಲಿ ಕೂತೆ. ಈ ಮಂಡಿ ಇಟ್ಟುಕೊಂಡು ಕೂತದ್ದೂ ತಿಳಿಯಲಿಲ್ಲ. ಅವಳು ಅತ್ತಳು, ನಾನೂ ಅತ್ತೆ. ಕಾವಲಿನವನು ನಮ್ಮನ್ನು ಏಳಿ ಎನ್ನದೆ, ಬೇರೆ ಜನ ಬರದಂತೆ ಬಾಗಿಲಿಗೆ ಅಡ್ಡ ನಿಂತ. ಅವನಿಗೆ ಶಿವ ಒಳ್ಳೆಯದು ಮಾಡಲಿ. ಆಮೇಲೆ ಲಾಲ್‌ಬಾಗಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದರು. ಇವಳು ಬುತ್ತಿ ಮುಟ್ಟಲಿಲ್ಲ. ಹುಲ್ಲಿನ ಮೇಲೆ ಕೂತು, ಮೃತ್ಯುಂಜಯ ಚಿಕ್ಕವನಾಗಿದ್ದಾಗ ಕೆಂಪು ಇರುವೆ ಕಚ್ಚಿ ಕಿರುಚಿಕೊಂಡದ್ದನ್ನು ಪಿಳ್ಳಮ್ಮನಿಗೆ ಹೇಳುತ್ತಿದ್ದಳು.

ಮನೆಗೆ ಬಂದ ಮೇಲೆ, ಅಯ್ಯನವರನ್ನು ಕರೆಸಿ ದಿನ ಕೇಳಿ ಎಂದು ಅವಳೇ ಹೇಳಿದಳು. ಶಿವರಾತ್ರಿ ಕಳೆದ ಸೋಮವಾರ ಶಿವಗಣಾರಾಧನೆ. ನಿಮ್ಮ ತಂದೆಯವರ ಜೊತೆ ಹಿಂದಿನ ದಿನವೇ ಬಾ. ಬರಿಗೈಯಲ್ಲಿ, ಬೋಳು ಹಣೆಯಲ್ಲಿ ಬರಬೇಕೆಂದು ಯಾರಾದರೂ ಹೇಳಿದರೆ ಕೇಳಬೇಡ. ಈ ಮನೆಯಲ್ಲಿ ನಿನ್ನ ಬಳೆ ಮುಟ್ಟುವವರು ಯಾರೂ ಇಲ್ಲ.

ನಿಮ್ಮ ತಂದೆಯವರಿಗೆ ನನ್ನ ಶರಣು. ನೀನು ನೂರು ಕಾಲ ಸುಖವಾಗಿರು.

ಇಂತು ನಿನ್ನ ಮಾವ,
ವೀರಭದ್ರಯ್ಯ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ತಿಪಟೂರಿನ ಮಾತನ್ನು ಈಗಷ್ಟೆ ಎದೆ ಗಟ್ಟಿ ಮಾಡಿಕೊಂಡು ನಿನ್ನತ್ತೆಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಹಂಚಿನ ಮೇಲಿದ್ದುದನ್ನು ತೆಗೆದಿಟ್ಟು ಕೈ ತೊಳೆದಳು. ಆಮೇಲೆ ಇಲ್ಲಿ ಬಂದು ನನ್ನ ಬೆನ್ನ ಹಿಂದೆ ನಿಂತು ಹೇಳಿದ್ದನ್ನು ಹಾಗೇ ಬರೆದಿದ್ದೇನೆ: ‘ಹೂಂ ಅಂತ ಬರೀರಿ. ಅವಳಿಗೆ ಹೆತ್ತ ತಾಯಿ ಇಲ್ಲ. ಮದುವೆ ದಿನ ತಾಯಿ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸ್ಬೇಡ ಅಂತ ಬರೀರಿ. ನಾನು ಬರ್ತೀನಿ.’