ಶುಕ್ರವಾರ ನಾನು ಎದ್ದು ನಿಲ್ಲುತ್ತೇನೆ

ಕೊಪ್ಪಳ
೧೨ ಫೆಬ್ರವರಿ ೨೦೨೫

ಮುದ್ದು ಮಗಳು ಐಶ್ವರ್ಯಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಎಂಟು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಸಿಟ್ಟಾಗಬೇಡ ತಾಯಿ. ಎತ್ತಿದರೆ ನೀನು ಅಳುತ್ತೀ, ನಾನು ಬೈಯುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನನ್ನ ಗೆಳತಿ ಹಸನಬೀಯ ಗಂಡ ನಾಳೆ ಗಂಗಾವತಿಗೆ ಬಂದಾಗ ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತಾರೆ. ನಿಮ್ಮತ್ತೆ ಶೇಖರಮ್ಮನವರ ಕಣ್ಣಿಗೆ ಬೀಳದಂತೆ ನೋಡಿಕೋ. ಏಳು ತಿಂಗಳ ಬಸುರಿ, ಹೊತ್ತಿಗೆ ಸರಿಯಾಗಿ ಉಣ್ಣು.

ಗಿಣಿಗೇರಾದ ಈ ಹಸನಬೀಯೂ ನನ್ನ ಹಾಗೆ ಎದೆಯ ಕ್ಯಾನ್ಸರಿನಿಂದ ಉಳಿದು ಬಂದವಳು. ಆಪರೇಶನ್ ಆದ ಕಡೆಯ ಕೈಯನ್ನು ಹೇಗೆ ನೋಡಿಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ವರ್ಷವಿಡೀ ನೀರಿನ ಕೊಡ ಹೊತ್ತಳು. ಈಗ ಆ ಕೈ ಬಾತು, ಬಳೆ ಒಡೆದು ತೆಗೆಯಬೇಕಾಯಿತು. "ಅಕ್ಕಾ, ದವಾಖಾನಿಯವ್ರು ಆರಾಮಾತು, ಮನಿಗೆ ಹೋಗ್ ಅಂದ್ರು. ಮನಿಗೆ ಬಂದ್ ಮ್ಯಾಲ ಯಾರ್ನ ಕೇಳ್ಬೇಕಿತ್ತು?" ಎಂದು ಅತ್ತಳು.

ಅದಕ್ಕೇ ನಾವು ಹನ್ನೊಂದು ಹೆಂಗಸರು ಸೇರಿ, ಚಿಕಿತ್ಸೆ ಮುಗಿದವರಿಗಾಗಿ ವಾರಕ್ಕೊಂದು ದಿನ ಒಂದು ಕೋಣೆ, ಒಬ್ಬ ನರ್ಸು ಕೊಡಿ ಎಂದು ಜಿಲ್ಲಾ ಆಸ್ಪತ್ರೆಗೆ ಅರ್ಜಿ ಹಾಕಿದೆವು. ಅಲ್ಲಿನ ದೊಡ್ಡ ಸಾಹೇಬರು, "ಶುಕ್ರವಾರದ ಸಭಾದಾಗ ಯಾರರ ಒಬ್ರು ಎದ್ದು ನಿಂತು ಹೇಳ್ರಿ, ಪೇಪರಿನವ್ರೂ ಬರ್ತಾರ" ಎಂದರು. ಹಾಗೆಂದದ್ದೇ ತಡ, ಉಳಿದ ಹತ್ತು ಮಂದಿಯೂ ನೆಲ ನೋಡಿದರು. ಒಬ್ಬಳಿಗೆ ಮದುವೆಗೆ ಬಂದ ಮಗಳು, ಒಬ್ಬಳಿಗೆ ಗಂಡನ ಭಯ. ನಾನು ಒಪ್ಪಿಕೊಂಡೆ.

"ಅವ್ವಾ, ಪೇಪರಿನ್ಯಾಗ ನಿನ್ನ ಫೋಟೊ ಬಂದ್ರ ಈ ಮನ್ಯಾಗ ನಾ ಹೆಂಗ ಬಾಳೇ ಮಾಡ್ಲಿ?" ಎಂದು ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ನಿನ್ನ ಸಂಬಂಧ ಕೂಡಿ ಬರಲೆಂದು, ನನ್ನ ಬೋಳು ತಲೆ ತಿರುಪತಿಯ ಹರಕೆ ಎಂದು ಸುಳ್ಳು ಹೇಳಿದವಳು ನಾನೇ. ಮೂರು ವರ್ಷ ಆ ಸುಳ್ಳನ್ನು ಕಾಯ್ದೆ. ಇನ್ನು ನನ್ನಿಂದಾಗದು. ನಿನ್ನ ಅತ್ತೆಮನೆಯವರು ಏನಾದರೂ ಅಂದರೆ ಎಲ್ಲ ನನ್ನ ಮೇಲೆ ಹಾಕು. ಬಂದು ಕೇಳಲಿ, ಉತ್ತರ ಕೊಡುತ್ತೇನೆ. ಕೈ ಮುಗಿಯುವವಳಲ್ಲ.

ಸುಖವಾಗಿ ಹೆರಿಗೆಯಾಗಲಿ. ಹುಲಿಗೆಮ್ಮ ತಾಯಿ ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ಅವ್ವ,
ಕಸ್ತೂರೆಮ್ಮ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಬಸುರಿ ನಿನಗೆ ಕುಬಸ ಮಾಡಿದ ದಿನ ಉಡಿ ತುಂಬಲು ಅಕ್ಕಿ ಹಿಡಿದು ನಿನ್ನೆದುರು ಬಂದೆ. "ಅವ್ವಾ, ನಿನಗ ದಣಿವಾಗತೈತಿ, ಕೂಡು" ಎಂದು ನೀನು ಸೆರಗು ಹಿಂದಕ್ಕೆಳೆದುಕೊಂಡು ಚಿಗವ್ವನ ಮುಂದೆ ಒಡ್ಡಿದೆ. ನಿಮ್ಮತ್ತೆಗೆ ಏನೂ ಗೊತ್ತಿರಲಿಲ್ಲ, ಹೆದರಿದವಳು ನೀನು. ಕೂಸಿಗೆ ನನ್ನ ರೋಗ ತಾಗೀತೆಂದು. ಅದು ಮುಟ್ಟಿದರೆ ಬರುವುದಲ್ಲ ಎಂದು ನಿನಗೂ ಯಾರೂ ಹೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಆ ಕೋಣೆಗೆ ಮನೆಯವರನ್ನೂ ಕರೆಸಿ ಎಂದು ಶುಕ್ರವಾರ ಕೇಳುತ್ತೇನೆ. ಯಾಕೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ.