ಅತ್ತೆಯ ಕಪ್ಪು ಡಬ್ಬ

ಅಮೃತಹಳ್ಳಿ
ಗುರುವಾರ, ೩ ಜುಲೈ ೨೦೨೫

ಪ್ರೀತಿಯ ನಾಗಲಕ್ಷ್ಮಿ ಅಕ್ಕನಿಗೆ,

ಸರಳಾ ಮಾಡುವ ನಮಸ್ಕಾರ. ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಪುಟ್ಟ ಕ್ಷೇಮ, ಕೆಳಗಿನ ಎರಡು ಹಲ್ಲು ಬಂದಿವೆ. ನಿಮ್ಮ ತಮ್ಮ ಬಾಲರಾಜ್ ಕ್ಷೇಮ. ನನ್ನ ನಿದ್ದೆಯ ಕಥೆ ನಿಮಗೆ ಗೊತ್ತೇ ಇದೆ, ಬಿಡಿ. ಅತ್ತೆ ಮಾತ್ರ ಕ್ಷೇಮವಾಗಿಲ್ಲ. ಜ್ವರವಿಲ್ಲ, ಬಿಪಿ ಸರಿಯಾಗಿದೆ, ಮುದ್ದೆ ತಿರುವುತ್ತಾರೆ, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಆದರೆ ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿಕೊಂಡು, ಆರಿಸಿಟ್ಟ ಟಿವಿಯ ಮುಂದೆ ಸುಮ್ಮನೆ ಕೂತಿರುತ್ತಾರೆ. "ಹಾಕಿಕೊಡಲಾ ಅತ್ತೆ?" ಎಂದರೆ, "ಬ್ಯಾಡ ಬುಡು."

ಅಕ್ಕ, ಜೂನ್ ಹದಿನೈದು ಭಾನುವಾರ ನೀವು ಕೈಚೀಲಕ್ಕೆ ಹಾಕಿಕೊಂಡು ಹೋದ ಆ ಕಪ್ಪು ಡಬ್ಬವನ್ನೂ ಅದರ ರಿಮೋಟನ್ನೂ ವಾಪಸು ಕಳಿಸಿಕೊಡಿ. ಈ ಪತ್ರ ಅದಕ್ಕೇ. ಫೋನಿನಲ್ಲೇ ಕೇಳಬಹುದಿತ್ತು. ಎರಡು ಸಲ ಮಾಡಿದೆ, ಎರಡು ಸಲವೂ ಪುಟ್ಟನ ಹಲ್ಲಿನ ವಿಷಯ ಮಾತಾಡಿ ಇಟ್ಟುಬಿಟ್ಟೆ. ಡಬ್ಬ ಕೇಳಬೇಕಾದರೆ ಮೊದಲು ಇನ್ನೊಂದು ವಿಷಯ ಹೇಳಬೇಕಿತ್ತು. ಅದು ಬಾಯಿಗೆ ಬರಲಿಲ್ಲ.

ಆ ದಿನ ಅತ್ತೆ ನಿಮಗೆ ಹೇಳಿದ್ದು ಸುಳ್ಳು. "ನಾನೇ ಏನೋ ಒತ್ತುಬುಟ್ಟೆ ಕಣಮ್ಮಿ, ಎಲ್ಲಾ ಕೆಟ್ಟೋಯ್ತು" ಅಂದರಲ್ಲ, ಅವರು ಏನನ್ನೂ ಒತ್ತಿರಲಿಲ್ಲ. ಒತ್ತಿದವಳು ನಾನು. "ಹೊಸಾದು ತಂದ್ಕೊಟ್ರೆ ಮೂಲೆಗೆ ಹಾಕಿ ಈ ಗುಜರಿನೇ ಇಟ್ಕೊಂಡಿದೀಯಲ್ಲವ್ವ, ಅಪ್ಪನ ಧ್ವನಿ ಕಳ್ಳರ ಪಾಲಾಗೋಗ್ತಿತ್ತಲ್ಲ" ಎಂದು ನೀವು ಬೈಯುತ್ತಿದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ಪುಟ್ಟನನ್ನು ತಟ್ಟುತ್ತಾ ನಿಂತಿದ್ದೆ. ಅವನು ಆಗಲೇ ನಿದ್ದೆ ಹೋಗಿ ಹತ್ತು ನಿಮಿಷವಾಗಿತ್ತು.

ಮದುವೆಯಾಗಿ ಮಾಕಳಿಗೆ ಹೋದ ಮೇಲೆ ನೀವು ಮಧ್ಯಾಹ್ನದ ಹೊತ್ತು ಈ ಮನೆಯಲ್ಲಿ ಇದ್ದದ್ದು ಕಡಿಮೆ, ಅದಕ್ಕೇ ಬರೆಯುತ್ತೇನೆ. ಮಾವ ಇಪ್ಪತ್ತು ವರ್ಷ ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸಿದ್ದು, ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಸಿದ್ದು ನಿಮಗೆ ನೆನಪಿರುತ್ತದೆ. ಬೂಷ್ಟು ಹಿಡಿದ ಆ ಕ್ಯಾಸೆಟ್ಟುಗಳು ಮನೆ ಒಡೆದು ಕಟ್ಟುವಾಗ ಹೋದವು. ಅದಕ್ಕೆ ಮುಂಚೆ ಬಾಲರಾಜ್ ನೂರ ಹನ್ನೆರಡನ್ನು ಕಂಪ್ಯೂಟರಿಗೆ ಇಳಿಸಿ, ವೈಫೈ ಪೆಟ್ಟಿಗೆಯ ಪಕ್ಕ ಇರುವ ಸ್ಟೋರೇಜಿನಲ್ಲಿ ಇಟ್ಟಿದ್ದರು. ಎರಡು ಹಾರ್ಡ್ ಡಿಸ್ಕಿನ ಆ ಪೆಟ್ಟಿಗೆಯೇ ಈ ಮನೆಯ ಉಗ್ರಾಣ. ಅಲ್ಲಿಂದ ಮಾವನ ಧ್ವನಿಯನ್ನು ತೆಗೆದು ಟಿವಿಗೆ ಕೊಡುತ್ತಿದ್ದದ್ದು ಕಪ್ಪು ಡಬ್ಬ, ಹನ್ನೆರಡು ವರ್ಷದ ಹಳೆಯ ಮೀಡಿಯಾ ಪ್ಲೇಯರ್. ಅದನ್ನು ಮಾಡಿದ ಕಂಪನಿ ಈಗ ಅದನ್ನು ಮಾಡುವುದೂ ಇಲ್ಲ, ಅದಕ್ಕೆ ಅಪ್‌ಡೇಟ್ ಕೊಡುವುದೂ ಇಲ್ಲ.

ಅತ್ತೆಗೆ ಓದು ಬಾರದು. ರಿಮೋಟಿನ ಗುಂಡಿಗಳ ಮೇಲಿನ ಗುರುತೂ ಸವೆದುಹೋಗಿದೆ. ಆದರೆ ಅವರ ಹೆಬ್ಬೆರಳಿಗೆ ದಾರಿ ಗೊತ್ತು: ಮೂರು ಕೆಳಕ್ಕೆ, ಒಂದು ಒಳಕ್ಕೆ, ಅಲ್ಲಿಂದ ಎಷ್ಟು ಸಲ ಇಳಿದರೆ ಯಾವ ಕ್ಯಾಸೆಟ್ಟು ಎಂಬುದೆಲ್ಲ. ಟಿವಿಗೆ ಸಿಕ್ಕಿಸಲು ನೀವು ಪ್ರೀತಿಯಿಂದ ತಂದ ಹೊಸ ಸ್ಟಿಕ್ಕಿನಲ್ಲಿ ಚಿತ್ರಗಳು ವಾರಕ್ಕೊಮ್ಮೆ ಜಾಗ ಬದಲಿಸುತ್ತವೆ, ನಡುವೆ ಜಾಹೀರಾತು ಬಂದು ಕೂರುತ್ತದೆ. ಅವರದು ಹಟವಲ್ಲ ಅಕ್ಕ, ಬೆರಳಿಗೆ ದಾರಿ ತಪ್ಪುತ್ತದೆ.

ಅವರು ಕೇಳುವುದು ಭಜನೆಯನ್ನೂ ಅಲ್ಲ. ನಲವತ್ತೊಂದನೇ ಕ್ಯಾಸೆಟ್ಟಿನಲ್ಲಿ ಮಾವ ಪದವನ್ನು ಅರ್ಧಕ್ಕೆ ನಿಲ್ಲಿಸಿ, "ಏನಮ್ಮಿ, ಕಾಪಿ ಏನ್ ಯಲಹಂಕದಿಂದ ಬತ್ತಾ ಐತಾ?" ಎಂದು ಕೂಗುತ್ತಾರೆ. ಹಿಂದೆ ಕೂತವರೆಲ್ಲ ಗೊಳ್ಳೆಂದು ನಗುತ್ತಾರೆ. ಅತ್ತೆ ಟಿವಿಯ ಕಡೆ ಕೈ ಬೀಸಿ, "ಆಲು ಉಕ್ಕಬ್ಯಾಡ್ವಾ, ಇರಿ ಅತ್ಲಾಗೆ!" ಅನ್ನುತ್ತಿದ್ದರು. ಪುಟ್ಟ ಅವರ ಕಾಲ ಮೇಲೆ ಮಲಗಿರುತ್ತಿದ್ದ. ಅವನು ಒಂದೂವರೆ ಗಂಟೆ ಎಚ್ಚರವಾಗದೆ ಮಲಗುತ್ತಿದ್ದದ್ದು ಆಗ ಮಾತ್ರ.

ಏಪ್ರಿಲ್‌ನಲ್ಲಿ ಸ್ಟೋರೇಜು ತಾನಾಗಿಯೇ ಅಪ್‌ಡೇಟ್ ಆಯಿತು. ಮಾರನೆಯ ದಿನ ಕಪ್ಪು ಡಬ್ಬದಲ್ಲಿ ಏನೂ ಕಾಣಲಿಲ್ಲ. ತಾವೇ ಕೆಡಿಸಿದ್ದೇನೋ ಎಂದು ಹೆದರಿ ಅತ್ತೆ ಎರಡು ದಿನ ಯಾರಿಗೂ ಹೇಳಲಿಲ್ಲ. ಬಿಸಿಎ ಓದಿದ ನಾನು ಇಷ್ಟೂ ಮಾಡದಿದ್ದರೆ ಹೇಗೆ ಎಂದು ಕೂತೆ. ಹಳೆಯ ಡಬ್ಬಕ್ಕೆ ಸ್ಟೋರೇಜಿನೊಂದಿಗೆ ಮಾತಾಡಲು ಒಂದೇ ಒಂದು ಹಳೆಯ ಭಾಷೆ ಬರುತ್ತದೆ. ಆ ಭಾಷೆಯ ತೂತುಗಳೆಲ್ಲ ಕಳ್ಳರಿಗೆ ಬಾಯಿಪಾಠವಾದ್ದರಿಂದ ಹೊಸ ಅಪ್‌ಡೇಟು ಅದನ್ನು ಮುಚ್ಚಿತ್ತು. ಇದೆಲ್ಲ ಈಗ ಗೊತ್ತು. ಆಗ ಯಾರದೋ ವಿಡಿಯೊ ನೋಡಿಕೊಂಡು ಅದನ್ನು ಮತ್ತೆ ತೆರೆದೆ. ಪಾಸ್‌ವರ್ಡ್ ಕೇಳಿದರೆ ಅತ್ತೆಗೆ ಕಷ್ಟ ಎಂದು ಅದನ್ನೂ ತೆಗೆದೆ. ಭಜನೆಯ ಫೋಲ್ಡರು ಒಂದಕ್ಕೇ ತೆರೆದಿದ್ದರೆ ಸಾಕಿತ್ತು, ಇಡೀ ಉಗ್ರಾಣಕ್ಕೆ ತೆರೆದೆ. ಓದಲು ಮಾತ್ರ ಬಿಟ್ಟಿದ್ದರೆ ಸಾಕಿತ್ತು, ಅಳಿಸಲು, ತಿದ್ದಲು ಎಲ್ಲಕ್ಕೂ ಬಿಟ್ಟೆ. ಮಾವನ ಧ್ವನಿ ಬಂತು. ಅತ್ತೆ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಜೂನ್ ಹನ್ನೊಂದು, ಬುಧವಾರ. ಸಾರಿಗೆ ಒಗ್ಗರಣೆ ಹಾಕಿ ಬಂದು ಏನೋ ಫೋಟೊ ಹುಡುಕಲು ಸ್ಟೋರೇಜು ತೆರೆದರೆ, ಪ್ರತಿಯೊಂದು ಫೈಲಿನ ಹೆಸರಿಗೂ ಅರ್ಥವಿಲ್ಲದ ಬಾಲ ಬೆಳೆದಿತ್ತು. ಒಂದೂ ತೆರೆಯುತ್ತಿರಲಿಲ್ಲ. ನಡುವೆ ಇಂಗ್ಲಿಷಿನ ಒಂದು ಚೀಟಿ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಕೀಲಿಕೈ ಬೇಕಿದ್ದರೆ ನಮ್ಮನ್ನು ಕೇಳಿ.

ಅಳುತ್ತಲೇ ಹೋಗಿ ಅತ್ತೆಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. "ಅಳೋದ್ ಆಮೇಲೆ ಅಳೀವಂತೆ. ಈಗ್ಲೂ ಕಳ್ಳ ಒಳಗವ್ನಾ, ಓದ್ನಾ?" ಎಂದು ಕೇಳಿದರು. ಗೊತ್ತಿಲ್ಲ ಅತ್ತೆ ಅಂದೆ. "ಅಂಗಾರೆ ಮೊದ್ಲು ಅದ್ರ ವೈರ್ ಕೀಳು. ಕಳ್ಳಂಗೆ ದೀಪ ಯಾಕ್ ಇಡಿತೀಯ." ಬಿಸಿಎ ಓದಿದವಳಿಗೆ ಹೊಳೆಯದ ಮೊದಲ ಕೆಲಸವನ್ನು ಸೊಪ್ಪಿನ ಮುಂದೆ ಕೂತು ಅವರು ಹೇಳಿದರು. ಕಿತ್ತೆ.

ಆಮೇಲೆ ತಮ್ಮ ಕೋಣೆಯಿಂದ ಬಿತ್ತನೆ ರಾಗಿಯ ಡಬ್ಬ ತಂದರು. ಹಿಂದಿನ ಖಾಲಿ ಸೈಟಿನಲ್ಲಿ ಈಗಲೂ ನಾಲ್ಕು ಸಾಲು ಬಿತ್ತುತ್ತಾರಲ್ಲ, ಅದಕ್ಕೆ ಎತ್ತಿಟ್ಟ ರಾಗಿ. ಬೇವಿನ ಸೊಪ್ಪು ಸರಿಸಿ, ಕಾಳಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಸಣ್ಣ ಹಾರ್ಡ್ ಡಿಸ್ಕೊಂದನ್ನು ಎಳೆದು ನನ್ನ ಕೈಯಲ್ಲಿಟ್ಟರು.

"ತಿನ್ನೋ ರಾಗಿ ಜೊತೆಗೇ ಬಿತ್ತನೆ ರಾಗಿ ಇಕ್ತಾರೇನಮ್ಮಿ?" ಎಂದು ನನ್ನನ್ನೇ ಕೇಳಿದರು.

ಮಾವ ತೀರಿಕೊಂಡ ವರ್ಷವೇ ಅತ್ತೆ ಸಹಕಾರನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನೂರ್‌ಜಹಾನ್ ಅವರನ್ನು ಕೇಳಿದ್ದರಂತೆ, ಆ ಪೆಟ್ಟಿಗೆಯಲ್ಲಿರುವುದಕ್ಕೆ ಬಿತ್ತನೆ ಇಲ್ಲವಾ ಎಂದು. ನಮ್ಮ ಮನೆಯಲ್ಲಿ ಹಸುಗಳಿದ್ದ ಕಾಲದಲ್ಲಿ ಅತ್ತೆ ಹಾಲು ಹಾಕುತ್ತಿದ್ದ ಮನೆಯ ಮಗಳು ಅವರು. ಅಂದಿನಿಂದ ಪ್ರತಿ ಸಂಕ್ರಾಂತಿಗೆ, ಅತ್ತೆ ಬಿತ್ತನೆ ಕಾಳು ಕೇರಿ ಹೊಸದು ತುಂಬುವ ದಿನ, ನೂರ್‌ಜಹಾನ್ ಬಂದು ಸ್ಟೋರೇಜಿನಲ್ಲಿ ಇರುವುದನ್ನೆಲ್ಲ ಆ ಡಿಸ್ಕಿಗೆ ಇಳಿಸಿ, ವೈರು ಬಿಚ್ಚಿ ಕೊಟ್ಟು ಹೋಗುತ್ತಿದ್ದರು. ಎಳ್ಳು ಬೆಲ್ಲಕ್ಕೆ ಬರುತ್ತಾರೆ ಎಂದೇ ನಾನೂ ಬಾಲರಾಜೂ ತಿಳಿದಿದ್ದೆವು. ಯಾವ ವೈರಿಗೂ ಸಿಕ್ಕಿಸದೆ ರಾಗಿಯೊಳಗಿದ್ದದ್ದರಿಂದಲೇ ಅದು ಉಳಿಯಿತು. ಅಕ್ಷರ ಬಾರದ ಹೆಂಗಸು ಅಕ್ಕ! ನಾಲ್ಕು ಸೆಮಿಸ್ಟರು ನನಗೆ ಇದನ್ನೇ ಪಾಠ ಮಾಡಿದ್ದರು.

ನೂರ್‌ಜಹಾನ್ ಮೂರು ದಿನ ಬಂದರು. ಕಪ್ಪು ಡಬ್ಬ ಎಸೆಯಬೇಕಾ ಎಂದು ಅತ್ತೆ ಹೆದರುತ್ತಲೇ ಕೇಳಿದರು. "ಯಾಕಮ್ಮಾ? ಅದಕ್ಕೆ ವಯಸ್ಸಾಗಿದೆ ಅಷ್ಟೆ. ವಯಸ್ಸಾದೋರ್ನ ಮನೆಯಿಂದ ಆಚೆ ಹಾಕ್ಬಾರ್ದು, ರೋಡಿಗೂ ಬಿಡ್ಬಾರ್ದು" ಅಂದರು ಅವರು. "ಅಂಗಾರೆ ಜಗಲಿ ಮ್ಯಾಲೆ ಕೂರ್ಸಣ" ಎಂದು ಅತ್ತೆ ನಕ್ಕರು. ನೂರ್‌ಜಹಾನ್ ಮಾಡಿದ್ದೂ ಹಾಗೆಯೇ. ಸ್ಟೋರೇಜನ್ನು ಪೂರ್ತಿ ಒರೆಸಿ, ಹೊಸದಾಗಿ ಶುರು ಮಾಡಿ, ರಾಗಿ ಡಬ್ಬದ ಡಿಸ್ಕಿನಿಂದ ತುಂಬಿಸಿದರು. ಹಳೆಯ ಭಾಷೆಯನ್ನು ಮತ್ತೆ ತೆರೆಯಲೇ ಇಲ್ಲ. ಬದಲಿಗೆ ಭಜನೆಯ ಫೋಲ್ಡರು ಒಂದನ್ನು ಮಾತ್ರ ಸ್ಟೋರೇಜೇ ಬಡಿಸುತ್ತದೆ. ಕಪ್ಪು ಡಬ್ಬ ತಟ್ಟೆ ಒಡ್ಡಬಹುದು, ಪಾತ್ರೆಗೆ ಕೈ ಹಾಕುವಂತಿಲ್ಲ. ಡಬ್ಬಕ್ಕೆ ಇಂಟರ್ನೆಟ್ಟಿಗೆ ಹೋಗುವ ದಾರಿಯನ್ನು ವೈಫೈ ಪೆಟ್ಟಿಗೆಯಲ್ಲೇ ಕಡಿದಿದ್ದಾರೆ. ಮಿಕ್ಕ ಎಲ್ಲಕ್ಕೂ ಬೇರೆ ಬೇರೆ ಪಾಸ್‌ವರ್ಡು. ಇಷ್ಟೂ ಬೇಡವೆನಿಸಿದರೆ ಒಂದು ಪೆನ್‌ಡ್ರೈವಿಗೆ ಭಜನೆ ಹಾಕಿ ಡಬ್ಬದ ಹಿಂದೆ ಸಿಕ್ಕಿಸಿ, ನೆಟ್‌ವರ್ಕೇ ಬೇಕಾಗುವುದಿಲ್ಲ ಅಂದರು. ಕೊನೆಗೆ ಶನಿವಾರ, ಅತ್ತೆಯ ಬೆರಳಿಗೆ ಮೊದಲಿನ ಹಾಗೆ ಮೂರು ಕೆಳಕ್ಕೆ, ಒಂದು ಒಳಕ್ಕೆ ಹೋದರೆ ಸಿಗುವ ತನಕ ಫೋಲ್ಡರುಗಳ ಹೆಸರು ಬದಲಿಸಿ ಬದಲಿಸಿ ಕೂತಿದ್ದರು. ಮಾರನೆಯ ದಿನ ನೀವು ಬಂದಿರಿ.

ನೀವು ಹೆದರಿದ್ದರಲ್ಲಿ ತಪ್ಪಿಲ್ಲ. ನಿಮ್ಮ ಅಪ್ಪನ ಧ್ವನಿ. ನಾನು ಆಗಲೇ ಬಾಯಿ ಬಿಟ್ಟಿದ್ದರೆ ನೀವು ನನ್ನನ್ನು ಬೈದು, ಕಾಫಿ ಕುಡಿದು, ಡಬ್ಬವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಿರಿ. ನೀವು ಹೋದ ಮೇಲೆ, ಯಾಕೆ ಹಾಗೆ ಹೇಳಿದಿರಿ ಅತ್ತೆ ಎಂದು ಕೇಳಿದೆ. "ನಾನು ಅವಳ ಅವ್ವ, ಎರಡ್ ದಿನ ಬೈತಾಳೆ, ಸುಮ್ಕಾಯ್ತಾಳೆ. ನಿನ್ನ ಬೈದ್ರೆ ನೀನು ವರ್ಸಗಟ್ಲೆ ಮನ್ಸಲ್ಲಿ ಇಟ್ಕತೀಯ" ಅಂದರು.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬಚ್ಚಿಡಲಾರೆ. ಹಳೆಯ ಭಾಷೆ ತೆರೆದದ್ದೊಂದರಿಂದಲೇ ಕಳ್ಳ ಬರುತ್ತಿರಲಿಲ್ಲ, ಮನೆಯ ಒಳಗಿನ ಬಾಗಿಲು ಅದು. ಬೀದಿಯ ಬಾಗಿಲನ್ನು ತೆರೆದವಳೂ ನಾನೇ. ಮೇ ತಿಂಗಳಲ್ಲಿ ಹೆಬ್ಬಾಳದ ಆಫೀಸಿಗೆ ಒಂದು ವಾರ ಹೋಗಿಬಂದೆನಲ್ಲ, ಆಗ ತೊಟ್ಟಿಲ ಮೇಲಿನ ತಿರುಗುವ ಕ್ಯಾಮೆರಾ ಸ್ಟೋರೇಜಿಗೆ ತುಂಬುವ ವಿಡಿಯೊವನ್ನು ಆಫೀಸಿನಿಂದ ನೋಡಬೇಕು ಎಂದು ವೈಫೈ ಪೆಟ್ಟಿಗೆಯಲ್ಲಿ ಹೊರಗಿನವರಿಗೂ ದಾರಿ ಮಾಡಿಟ್ಟೆ. ಮಗು ಉಸಿರಾಡುತ್ತಿದೆಯಾ ಎಂದು ನೋಡಲು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ನಿಜವೆಂದರೆ, ನೋಡುತ್ತಿದ್ದದ್ದು ಅತ್ತೆಯನ್ನು. ಸರಿಯಾಗಿ ಎತ್ತಿಕೊಳ್ಳುತ್ತಾರಾ, ಮಗು ಅತ್ತರೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು. ನಿದ್ದೆಯಿಲ್ಲದ ತಲೆಗೆ ಎಲ್ಲರ ಮೇಲೂ ಅನುಮಾನ ಅಕ್ಕ.

ಇದನ್ನು ಅತ್ತೆಗೆ ಹೋದ ವಾರ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. "ಆ ಕಣ್ಣು ನನ್ ಕಡೀಕೆ ತಿರುಗ್ತಾ ಇದ್ದುದ್ದು ನಂಗ್ ಕಾಣ್ತಿರ್ಲಿಲ್ವಾ? ನಾನೂ ನಿನ್ ಗಂಡನ್ನ ನಮ್ಮತ್ತೆ ಕೈಗೆ ಕೊಟ್ಟು ಒಲಕ್ಕೆ ಓಗೋವಾಗ ಬದಿನ ಮ್ಯಾಲೆ ನಿಂತ್ಕಂಡು ನಾಕ್ ಸಲ ತಿರುಗಿ ನೋಡ್ತಿದ್ದೆ ಬುಡು" ಅಂದರು. ಇಂಥವರ ಕೈಯಿಂದ ಡಬ್ಬ ಹೋದದ್ದು ನನ್ನಿಂದ.

ಬೀದಿಯ ಆ ಬಾಗಿಲನ್ನೂ ನೂರ್‌ಜಹಾನ್ ಮುಚ್ಚಿದ್ದಾರೆ. ಅದನ್ನು ಇನ್ನು ನಾನು ಮುಟ್ಟುವುದಿಲ್ಲ. ಕಪ್ಪು ಡಬ್ಬದ ಜೊತೆಗೇ ನೀವು ತೆಗೆದುಕೊಂಡು ಹೋದ, ರಾಗಿಯೊಳಗಿದ್ದ ಆ ಡಿಸ್ಕನ್ನು ಮಾತ್ರ ನೀವೇ ಇಟ್ಟುಕೊಳ್ಳಿ. ಇದು ಅತ್ತೆಯ ಮಾತು: ಒಂದೇ ಮನೆಯಲ್ಲಿ ಎಲ್ಲ ಬಿತ್ತನೆ ಇಡಬಾರದಂತೆ, ಮಾಕಳಿಯಲ್ಲೂ ಒಂದು ಇರಲಿ. ರಾಗಿ ಡಬ್ಬಕ್ಕೆ ಇನ್ನೊಂದು ಹೊಸದು ಮಾಡಿಸಿದ್ದೇವೆ. ಬಾಲರಾಜ್ ಭಾನುವಾರ ಆ ಕಡೆ ಬರುತ್ತಾರೆ. ಪತ್ರವನ್ನು ಅವರ ಕೈಯಲ್ಲೇ ಕೊಡುತ್ತಿದ್ದೇನೆ, ಅಂಟು ಹಾಕಿಲ್ಲ. ಅವರೂ ಓದಲಿ. ಬೈಯುವುದಿದ್ದರೆ ನನಗೆ ಫೋನ್ ಮಾಡಿ ಬೈಯಿರಿ, ಈ ಸಲ ಹಲ್ಲಿನ ವಿಷಯ ತೆಗೆಯುವುದಿಲ್ಲ.

ನಿಮ್ಮ ತಮ್ಮನ ಹೆಂಡತಿ,
ಸರಳಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು. ಏನೂ ಕಳೆದುಹೋಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಡಿಸ್ಕಿಗೆ ಇಳಿಸಿದ್ದು ಸಂಕ್ರಾಂತಿಯಲ್ಲಿ, ಆಗ ಪುಟ್ಟನಿಗೆ ಎರಡು ತಿಂಗಳು. ಅದರ ಮುಂದಿನ ಐದು ತಿಂಗಳು ಪೂರ್ತಿ ಹೋಗಿದೆ. ಫೋನು ತುಂಬಿತೆಂದು ಎಲ್ಲವನ್ನೂ ಸ್ಟೋರೇಜಿಗೆ ಹಾಕಿ ಫೋನಿನಿಂದ ಅಳಿಸಿದ್ದೆ. ಅವನು ಮೊದಲ ಸಲ ಸದ್ದು ಮಾಡಿ ನಕ್ಕದ್ದು ಅದರಲ್ಲೇ ಇತ್ತು. ಬಾಲರಾಜ್‌ಗೆ ಇದು ಈ ಪತ್ರದಿಂದಲೇ ತಿಳಿಯಬೇಕು. ಅತ್ತೆಯ ಮುಂದೆ ಮಾತ್ರ ಹೇಳಿ ಅತ್ತಿದ್ದೆ. ಅವರು ಪುಟ್ಟನನ್ನು ತಂದು ನನ್ನ ಮಡಿಲಿಗೆ ಹಾಕಿ, "ನಿನ್ ಮಗ ಇಲ್ಲೇ ಅವ್ನಲ್ಲಮ್ಮಿ, ಇನ್ನೊಂದ್ ಕಿತ ನಗ್ಸು. ನಾನು ಅವರ್ನ ಎಲ್ಲಿಂದ ನಗ್ಸಲಿ?" ಅಂದರು.