ಕಡೀ ಆಟಕ್ಕ ಬ್ಯಾನರ್ ಇರಲಿಲ್ಲ

ಲೇ ದೋಸ್ತ ಬಾಳ್ಯಾ,

ನಾಕನೇ ಇಯತ್ತೇದಾಗ ಮಾಸ್ತರು ಪತ್ರ ಬರಿಯೂದು ಕಲಿಸಿದ್ದು ನೆನಪೈತೇನು? ‘ನಾವು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೆಂದು ನಂಬಿದ್ದೇವೆ’ ಅಂತ ಮೊದಲ ಬರೀಬೇಕು ಅಂದಿದ್ರು. ನೀ ತಪ್ಪಿಲ್ದ ಬರದಿ, ನಾ ನಿನ್ನ ಪಾಟಿ ನೋಡಿ ಬರದ್ನಿ, ಶಾಬಾಸಕಿ ನನಗ ಸಿಕ್ತು. ಈಗ ಆ ಸಾಲು ಹೆಂಗ ಬರೀಲೋ? ನೀ ಅಲ್ಲಿ ಕ್ಷೇಮ ಇರಬೇಕು. ನಿನಗ ಬಸ್ಸಿಗೆ ನಿಂದ್ರೂದಿಲ್ಲ, ಸೊಂಟ ಹಿಡಿಯೂದಿಲ್ಲ. ಇಲ್ಲಿ ನಾ ಮಾತ್ರ ಸಾಕಾಗಿ ಕುಂತೀನಿ. ನೀ ಹೋದ ಮ್ಯಾಲ ಎರಡನೇ ಸಲ ಜೋಳ ತೆನಿ ಹಿಡದೈತಿ. ಇಷ್ಟ ದಿನ ಬರೀಲಿಲ್ಲ, ಬರಿಯೂವಂಥಾ ಸುದ್ದಿ ಇರಲಿಲ್ಲ. ಈಗ ಐತಿ. ಫಕೀರಪ್ಪನ ಆಟ ಮುಗೀತು. ಖರೇನ ಮುಗೀತು ಈ ಸಲ. ನಗಬ್ಯಾಡ, ಪೂರಾ ಓದು.

ರಾಮದುರ್ಗದ ಬಯಲಾಗ ಅವನ್ನ ಮೊದಲನೇ ಸಲ ನೋಡಿದ ದಿವಸ ನನಗ ಇನ್ನೂ ಕಣ್ಣಾಗ ಐತಿ. ನಮ್ಮ ಸಂಘದಾಗ ಹೊಸದಾಗಿ ಸೇರಿದ್ದ, ಮೀಸಿ ಚಿಗತಿರಲಿಲ್ಲ. ಕಬಡ್ಡಿ ಕಬಡ್ಡಿ ಅನಕೋತ ಎದುರಿನವರ ಅಂಗಳಕ್ಕ ಹೋದಾಂವ, ಮೂರು ಮಂದಿ ಕಾಲಿಗೆ ಬಿದ್ದರ ಅವರ ತಲಿ ಮ್ಯಾಲಿಂದ ಹಾರಿ ನಡುಗೆರಿ ಮುಟ್ಟಿದ. ಆವಾಗ ‘ಹದ್ದು ಬಂತಲೇ ಹದ್ದು!’ ಅಂತ ಒದರಿದಾಂವ ನಾನು. ನೀನ ಒದರಿದ್ದು ಅಂತ ಸಾಯೂತನಕಾ ಜಗಳ ತಗದಿ. ಈಗ ಎದ್ದು ಬಂದು ಇಲ್ಲ ಅನ್ನು ನೋಡೂನು. ಅನ್ನಾಕ ಆಗಂಗಿಲ್ಲ, ಅಂದ ಮ್ಯಾಲ ಹದ್ದು ಅಂತ ಹೆಸರಿಟ್ಟಾಂವ ನಾನ. ಇಷ್ಟೂ ತಾಲೂಕದಾಗ ಅವನ್ನ ಇವತ್ತಿಗೂ ಹದ್ದು ಫಕೀರಪ್ಪ ಅಂತಾರಂದ್ರ ಅದು ನನ್ನ ಗಂಟಲದ ಪ್ರಸಾದ.

ಸಂಘದವರು ಅವನ್ನ ಕೈಬಿಟ್ಟ ವರ್ಷ ನೀ ಹೊಟ್ಟಿ ತುಂಬ ಉಣ್ಣಲಿಲ್ಲ. ಮ್ಯಾಟಿನ ಮ್ಯಾಲ ಬೂಟ ಹಾಕ್ಕೊಂಡು ಆಡೂ ಹುಡುಗರು ಬಂದ್ರು, ಇವನ ಮೊಣಕಾಲಿಗೆ ಪಟ್ಟಿ ಬಂತು. ‘ಇನ್ನ ಮನ್ಯಾಗ ಕುಂಡರತಾನ’ ಅಂತ ಎಲ್ಲಾರೂ ಅಂದ್ರು. ಅವ ಕುಂಡ್ರಲಿಲ್ಲ. ಯಾವ ಹಳ್ಳಿಯವರು ಒಬ್ಬ ಆಟಗಾರ ಕಡಿಮಿ ಅದಾನ ಅಂತ ಕರದ್ರೂ ಚಡ್ಡಿ ಚೀಲ ಹೆಗಲಿಗೆ ಹಾಕ್ಕೊಂಡು ಹೊಂಟ. ಅವನ ಹಿಂದ ನಾವಿಬ್ಬರು. ಮುನವಳ್ಳಿಯೊಳಗ ಚಾದಂಗಡಿಯಾಂವ ಅಂದಿದ್ದಲ್ಲ, ‘ಆಡಾಂವಗ ಹುಚ್ಚು ಬಿಟ್ಟೀತು, ಈ ಇಬ್ಬರು ಮುದುಕರಿಗೆ ಬಿಡಂಗಿಲ್ಲ’ ಅಂತ. ನಾವ್ಯಾಕ ಹೋಗತಿದ್ವಿ ಬಾಳ್ಯಾ? ಅವ ಗೆಲ್ಲೂದು ನೋಡಾಕಂತೂ ಅಲ್ಲ, ಗೆಲ್ಲೂದು ಬಿಟ್ಟು ಭಾಳ ದಿನ ಆಗಿತ್ತು. ಮನ್ಯಾಗ ಕುಂತ್ರ ನಾವೂ...

ಕಿತ್ತೂರ ಕಡೆ ಹಳ್ಳಿಯೊಳಗ ಮೊದಲನೇ ಬ್ಯಾನರ್ ಕಟ್ಟಿದ್ರು. ‘ಹದ್ದು ಫಕೀರಪ್ಪನವರ ಕೊನೆಯ ಆಟ, ಬನ್ನಿ, ನೋಡಿ’ ಅಂತ. ಏನ್ ಮಂದಿ ಅವತ್ತು! ಗಿಡದ ಮ್ಯಾಲ ಮಂದಿ, ಟ್ರ್ಯಾಕ್ಟರ್ ಮ್ಯಾಲ ಮಂದಿ. ಶಾಲು ಹೊಚ್ಚಿದ್ರು, ಹಾರ ಹಾಕಿದ್ರು. ನೀ ಗಳಗಳ ಅತ್ತಿ, ಮೂಗು ನನ್ನ ಟವಲ್ಲಿಗೆ ಒರಸಿದಿ. ಮುಂದಿನ ತಿಂಗಳ ಬೈಲಹೊಂಗಲಕ್ಕ ಹತ್ತಿಕಾಳು ಕೊಡಾಕ ಹೋದ್ರ ಅಲ್ಲಿ ಮತ್ತೊಂದು ಬ್ಯಾನರ್, ಮತ್ತ ‘ಕೊನೆಯ ಆಟ’. ನೀ ಆ ಕಮಿಟಿಯವನ ಅಂಗಿ ಹಿಡದ ಕೇಳಿದಿ, ‘ಏನ್ರಿ ಯಜಮಾನ್ರ, ಕಿತ್ತೂರ ಕಡೆ ಮುಗದಿತ್ತಲ್ರಿ?’

ಅಂವ ನಾಚಿಗಿಲ್ದ ಅಂದ, ‘ಅದು ಕಿತ್ತೂರ ಮಟ್ಟಿಗೆ ಕಡೀದ್ರಿ ಅಜ್ಜಾ. ಇದು ಬೈಲಹೊಂಗಲದ ಕಡೀದು.’

ಆಮ್ಯಾಲ ಸವದತ್ತೀದು ಒಂದು ಕಡೀದು, ರಾಮದುರ್ಗದ್ದು ಒಂದು ಕಡೀದು. ಕಡೀ ಆಟ ಅಂತ ಬರದ್ರ ಮಂದಿ ಕೂಡತಾರಂತ ಎಲ್ಲಾ ಊರವರಿಗೂ ಗೊತ್ತಾತು. ಫಕೀರಪ್ಪ ಪಾಪ, ಯಾರಿಗೂ ಒಲ್ಲೆ ಅನ್ನಾಂವಲ್ಲ. ತಲಿ ತಗ್ಗಿಸಿ ಶಾಲು ಹೊಚ್ಚಿಸಿಕೊಂಡು, ಮಡಚಿ ಚೀಲದಾಗ ಇಟ್ಟು, ಆಡಾಕ ಇಳೀತಿದ್ದ. ಅವನ ಹೆಂಡತಿ ಆ ಶಾಲುಗಳನ್ನೆಲ್ಲಾ ಕೂಡಿಸಿ ಕೌದಿ ಹೊಲದಾಳಂತ ನೀನ ಸುದ್ದಿ ತಂದಿದ್ದಿ. ‘ಸತ್ಕಾರ ಹೊಚಗೊಂಡ ಮಕ್ಕೋತಾನಲೇ ಫಕೀರ್ಯಾ’ ಅಂತ ನಕ್ಕೋತ ಹೊಟ್ಟಿ ಹಿಡಕೊಂಡಿ.

ನವಿಲುತೀರ್ಥದ ಕಡೆಯಿಂದ ಒಮ್ಮಿ ಬಸ್ಸಿನಾಗ ಬರಬೇಕಾದ್ರ ನೀ ಆ ಮಾತು ಹೇಳಿದಿ. ನಾ ಅರ್ಧ ನಿದ್ದ್ಯಾಗ ಇದ್ನಿ, ಮೊಣಕೈಲೆ ತಿವದ ಎಬ್ಬಿಸಿದಿ. ‘ಸೋಮ್ಯಾ, ಈ ಬ್ಯಾನರಿನ ಮಾತು ನಂಬಬ್ಯಾಡ. ಅವ ಅಂಗಳಕ್ಕ ಬರೂವಾಗ ಮಣ್ಣ ಮುಟ್ಟಿ ಹಣಿಗೆ ಹಚಗೋತಾನ, ನೋಡಿಯಿಲ್ಲೋ? ಹೋಗೂವಾಗ ಮುಟ್ಟಂಗಿಲ್ಲ. ನಾವು ಮನಿಂದ ಹೊಂಡೂವಾಗ ಹೋಗತೇನಿ ಅನ್ನಂಗಿಲ್ಲ, ಬರತೇನಿ ಅಂತೇವಲ್ಲ, ಹಂಗ ಅದು. ಯಾವತ್ತ ಹೋಗೂವಾಗ ಮುಟ್ಟತಾನೋ, ಅವತ್ತ ಕಡೀದು.’ ನಾನೂ ಅವನ್ನ ಅಷ್ಟ ವರ್ಷ ನೋಡೀನಿ, ನನಗ ಕಂಡಿರಲಿಲ್ಲ. ಕಂಡಿತ್ತು ಅಂತ ಮಾತ್ರ ಹೇಳಿದ್ನಿ.

ನಿನ್ನ ಮದವಿ ಪಟಗಾ ಅವನ ತಲಿಗೆ ಸುತ್ತಬೇಕು ಅನ್ನೂದೂ ಅವತ್ತ ನಿನ್ನ ಬಾಯಿಂದ ಬಂತು. ‘ಶಾಲು ಯಾರರ ಹೊಚ್ಚಲಿ. ಖರೇ ಕಡೀದಿನ ನಾ ನನ್ನ ಕೇಸರಿ ಪಟಗಾ ಸುತ್ತತೇನಿ’ ಅಂದಿ. ‘ಅದನ್ನ ನುಸಿ ತಿಂದ ಹಾಕಿರತಾವ, ಜಾಳಿಗಿ ಸುತ್ತಿದಂಗ ಆಕೈತಿ’ ಅಂದ್ನಿ. ಮುನವಳ್ಳಿ ಬರೂತನಕಾ ನನ್ನ ಕೂಡ ಮಾತಾಡಲಿಲ್ಲ ನೀ.

ದವಾಖಾನಿಯೊಳಗ ನೀ ಮಲಗಿದ್ದಾಗ ಪ್ರತಿ ಆಟದ ಮರುದಿವಸ ಬರತಿದ್ನಿ. ಗೆದ್ರೋ ಸೋತ್ರೋ ಅಂತ ಕೇಳತಿರಲಿಲ್ಲ ನೀನು. ‘ಮುಟ್ಟಿದನೇನು?’ ಅಂತಿದ್ದಿ. ‘ಇಲ್ಲೋ, ಮುಟ್ಟಲಿಲ್ಲ’ ಅಂದ್ರ ಮಾರಿ ಮ್ಯಾಲ ಸ್ವಲ್ಪ ಬೆಳಕ ಬರತಿತ್ತು. ‘ಹಂಗಾರ ನನಗೂ ಇನ್ನ ಸ್ವಲ್ಪ ದಿನ...’ ಅಂದಿದ್ದಿ ಒಂದು ಸಲ. ಆ ಮಾತು ಪೂರಾ ಮಾಡಲಿಲ್ಲ. ಯಾಕ ಮಾಡಲಿಲ್ಲೋ ಬಾಳ್ಯಾ?

ನಿನ್ನ ಕಾರ್ಯ ಮುಗದ ಮ್ಯಾಲ ನಿನ್ನ ಹೆಂಡತಿ ಗಂಗವ್ವ ವೈನಿ ಒಂದು ಕೈಚೀಲ ತಂದು ನನ್ನ ಮುಂದ ಇಟ್ಟಳು. ‘ಅಣ್ಣಾ, ಇದನ್ನ ನೀವ ಸುತ್ತಬೇಕಂತ ಹೇಳಿ ಹೋಗ್ಯಾರ. ತಪ್ಪಸಬ್ಯಾಡ್ರಿ’ ಅಂದ್ಳು. ಒಳಗ ಪಟಗಾ, ಬೇವಿನ ಎಲಿ ಹಾಕಿ ಮಡಚಿದ್ದು. ಒಂದೂ ತೂತ ಇರಲಿಲ್ಲ. ಅವತ್ತಿಂದ ಆ ಚೀಲ ನನ್ನ ಕೂಡ ಊರೂರು ತಿರಗೇತಿ. ಬಸ್ಸಿನಾಗ ಬಾಜೂ ಸೀಟಿನ ಮ್ಯಾಲ ಇಡತಿದ್ನಿ, ನೀ ಕುಂಡ್ರೂವಲ್ಲೇ.

ಸವದತ್ತಿ ಬಸ್ಸಿನ ಕಂಡಕ್ಟರ್ ಒಮ್ಮಿ ಕಾಡಿದ. ‘ಏನ್ರಿ ಸೋಮಣ್ಣ ಕಾಕಾ, ಚೀಲ ಬಿಡವಲ್ರಿ. ಹೆಣ್ಣ ನೋಡಾಕ ಹೊಂಟೀರೇನು?’

‘ನಿನಗ ನೋಡಾಕ ಹೊಂಟೀನಿ’ ಅಂದ್ನಿ. ‘ಹೋದಲ್ಲೆಲ್ಲಾ ಒಲ್ಲೆ ಅನ್ನಾಕತ್ಯಾರ.’

ಬಸ್ಸೆಲ್ಲಾ ನಕ್ಕಿತು. ನೀ ಇದ್ದಿದ್ರ ಇನ್ನೊಂದು ಮಾತು ಸೇರಸತಿದ್ದಿ. ನಾ ಒಬ್ಬಾಂವನ ಮಂದೀನ್ನ ನಗಿಸೂದು ಭಾಳ ದಣಿವಿನ ಕೆಲಸ. ಆಟ ನೋಡೂದೂ ಹಂಗ. ‘ಹಿಂಗ ಹಿಡೀಬಾರದಿತ್ತು’ ಅನ್ನಾಕ ಬಾಜೂ ಹೊಳ್ಳಿದ್ರ ಯಾರೋ ಶೇಂಗಾ ತಿನ್ನಾಂವ ಇರತಿದ್ದ. ಮಂದೀನೂ ಕಡಿಮಿ ಆಗಾಕತ್ತಿತ್ತು. ಕಡೀ ಆಟ ಅಂದ್ರ ಯಾರೂ ನಂಬಲಾರದಂಗ ಆತು. ‘ಮುಂದಿನ ಕಡೀದಕ್ಕ ಬರತೇವಿ ಬಿಡ್ರಿ’ ಅಂತಿದ್ರು. ನಾ ಮಾತ್ರ ಪ್ರತಿ ಸಲ ಅವನ ಕೈ ನೋಡಿ, ಮುಟ್ಟಲಿಲ್ಲ ಅಂತ ಚೀಲ ತಿರುಗಿ ತಂದು ಗೂಟಕ್ಕ ಹಾಕತಿದ್ನಿ. ಒಂದೊಂದು ಸಲ, ಸುಳ್ಳ್ಯಾಕ ಹೇಳಲಿ, ಮುಟ್ಟಿಬಿಡಲಿ ಶಿವನೇ ಅನಸತಿತ್ತು. ಅಷ್ಟರಾಗ ಅವನು ಚಪ್ಪಲ್ ಹಾಕ್ಕೊಂಡು ‘ಬರತೇನ್ರಿ ಕಾಕಾ’ ಅಂತಿದ್ದ. ನನಗ ಮತ್ತ ಜೀವ ಬರತಿತ್ತು.

ಸಿರಸಂಗಿ ಆಟ ಹೋದ ವಾರ ಆತು. ಹೈಸ್ಕೂಲ ಬಯಲಾಗ ಮಧ್ಯಾಹ್ನ ಸಣ್ಣ ಪಂದ್ಯ. ಬ್ಯಾನರ್ ಇಲ್ಲ, ಮೈಕ್ ಇಲ್ಲ, ಶಾಲು ಇಲ್ಲ. ಸೊಂಟ ನೋಯಾಕತ್ತಿತ್ತು, ಹೋಗೂದ ಬ್ಯಾಡ ಅಂತ ಮಾಡಿದ್ನಿ. ಕಡೀಕ ಎದ್ನಿ. ಬಾಗಲಾ ದಾಟೂವಾಗ ಗೂಟದ ಮ್ಯಾಲಿನ ಚೀಲ ನೋಡಿದ್ನಿ. ಇಷ್ಟ ಬ್ಯಾನರ್ ಹಚ್ಚಿದ ಆಟಾನ ಕಡೀದಾಗಲಿಲ್ಲ, ಬ್ಯಾನರ್ ಇಲ್ಲದ್ದು ಕಡೀದ ಆದೀತ? ಇರಲಿ ಅಲ್ಲೇ ಅಂತ ಬಿಟ್ಟು ಹೋದ್ನಿ. ಅವರ ಸುಳ್ಳ ನಂಬಬ್ಯಾಡ ಅಂತ ನೀ ಹೇಳಿದ್ದಿ. ನಾ ಅವರ ಸುಳ್ಳ ಇಲ್ಲ ಅಂದ್ರ ಕಡೀದೂ ಅಲ್ಲ ಅಂತ ನಂಬಿದ್ನಿ ನೋಡು. ಶಾಣ್ಯಾ ಅಂದ್ರ ಹಿಂಗಿರಬೇಕು.

ಬಯಲಾಗ ಎಣಿಸಾಕ ಬರೂವಷ್ಟು ಮಂದಿ, ಎರಡು ಆಡು. ಫಕೀರಪ್ಪನ ಎದುರು ಆಡಾಂವರು ಅವನ ಮಗನ ವಾರಿಗೆಯವರು. ಕಡೀ ಸಲ ಅವ ರೇಡಿಗೆ ಹೋದಾಗ ನನ್ನ ಗಂಟಲದಾಗ ‘ಹದ್ದು’ ಅನ್ನೂ ಮಾತು ಬಂತು, ಹೊರಗ ಬರಲಿಲ್ಲ. ಒಬ್ಬ ಹುಡುಗ ಪಟ್ಟಿ ಕಟ್ಟಿದ ಮೊಣಕಾಲನ್ನ ಹಿಡದ. ಜೋರ ಮಾಡಿ ಹಿಡೀಲಿಲ್ಲ ಬಾಳ್ಯಾ, ನೋಯಬಾರದು ಅಂತ ಹಗೂರಕ ಹಿಡದ. ಅದು ಫಕೀರಪ್ಪಗ ತಿಳೀತು. ಅವ ಕೊಸರಲಿಲ್ಲ, ಅಲ್ಲೇ ಕುಂತ, ಆ ಹುಡುಗನ ಬೆನ್ನ ಚಪ್ಪರಿಸಿದ. ಆಟ ಮುಗೀತು. ಎಲ್ಲಾರೂ ನೀರಿನ ಕೊಡದ ಕಡೆ ಹೋದ್ರು. ಇವ ಒಬ್ಬನ ಸುಣ್ಣದ ಗೆರಿ ಹತ್ರ ನಿಂತ. ಬಗ್ಗಿದ. ಪಟ್ಟಿ ಸಡಲ ಆಗಿರಬೇಕು ಅಂದ್ಕೊಂಡ್ನಿ. ಮಣ್ಣ ಮುಟ್ಟಿ ಹಣಿಗೆ ಹಚಗೊಂಡ.

ನಾ ಬಾಜೂ ಹೊಳ್ಳಿದ್ನಿ, ನಿನಗ ತೋರಸಾಕ. ಆಮ್ಯಾಲ ತೊಡಿ ಮ್ಯಾಲ ಕೈ ಆಡಿಸಿದ್ನಿ, ಚೀಲಕ್ಕ. ನೀನೂ ಇಲ್ಲ, ಚೀಲಾನೂ ಇಲ್ಲ.

‘ಕಾಕಾ, ನಡೀರಿ, ಬಸ್ ಬರೂ ಹೊತ್ತಾತು’ ಅನಕೋತ ಬಂದ ಅಂವ.

‘ಮುಟ್ಟಿದಿಯಲ್ಲೋ’ ಅಂದ್ನಿ.

‘ಏನ ಮುಟ್ಟಿದ್ನ್ರಿ?’

‘ಮಣ್ಣ. ಹೋಗೂವಾಗ.’

‘ಯಾರೂ ನೋಡಿಲ್ಲ ಅಂತ ತಿಳದಿದ್ನ್ರಿ’ ಅಂದ. ‘ನೀವ ಕಂಡಹಿಡದ್ರೇನು?’

ಹೌದು ಅನ್ನಾಕ ಬಾಯಿ ತಗದಿದ್ನಿ ದೋಸ್ತ. ಆದ್ರ ಬರಲಿಲ್ಲ. ‘ನಾ ಅಲ್ಲೋ, ಬಾಳ್ಯಾ’ ಅಂದು ಬಸ್ಸಿನ ಮಾತು, ಪಟಗಾದ ಮಾತು, ದವಾಖಾನಿ ಮಾತು ಎಲ್ಲಾ ಹೇಳಿದ್ನಿ. ಬಯಲಿನ ಕಟ್ಟಿ ಮ್ಯಾಲ ಕುಂತು ಕೇಳಿದ. ಬಸ್ ಬಂತು, ಹೋತು.

‘ಎಲ್ಲೈತ್ರಿ ಪಟಗಾ?’

‘ಮನ್ಯಾಗ, ಗೂಟಕ್ಕ.’

ಅಂವ ನಕ್ಕ. ಕಣ್ಣ ಒರಸಿಕೊಂಡು ಮತ್ತ ನಕ್ಕ. ‘ಕಡೀದು ಅಲ್ಲದಾಗೆಲ್ಲಾ ಮಂದಿ ಶಾಲು ಹಿಡಕೊಂಡು ಓಡಿ ಬಂದ್ರು. ಕಡೀದಕ್ಕ ನೀವೊಬ್ಬರ ಬಂದೀರಿ, ಬರೇ ಕೈಲೆ’ ಅಂದ. ‘ಇರಲಿ ಬಿಡ್ರಿ. ಅದನ್ನ ಸುತ್ತಬೇಕಾದವರು ಎಲ್ಲಿ ಅದಾರೋ ಅಲ್ಲೇ ಹೋಗೂನು.’

ನಿನ್ನೆ ಸೋಮವಾರ ಬಂದಿದ್ವಿ, ನಿನಗ ಗೊತ್ತಾತೋ ಇಲ್ಲೋ. ನಿನ್ನ ಹೊಲದಾಗ ಜೋಳ ಎದಿಮಟ ನಿಂತೈತಿ, ನಿನ್ನ ಸಮಾಧಿ ಕಲ್ಲ ದೂರದಿಂದ ಕಾಣಂಗಿಲ್ಲ. ವೈನಿ ರೊಟ್ಟಿ ಬುತ್ತಿ ತಂದಿದ್ಳು. ಫಕೀರಪ್ಪ ಚಪ್ಪಲ್ ರಸ್ತೇದಾಗ ಬಿಟ್ಟ. ಬದು ದಾಟಿ ನಿನ್ನ ಹೊಲಕ್ಕ ಕಾಲಿಡೂವಾಗ ಬಗ್ಗಿ ಮಣ್ಣ ಮುಟ್ಟಿ ಹಣಿಗೆ ಹಚಗೊಂಡ, ಪಂದ್ಯಕ್ಕ ಇಳದಂಗ. ನಿನ್ನ ಕಲ್ಲಿನ ಮುಂದ ಅವನ್ನ ಕುಂಡ್ರಿಸಿ ನಾ ಪಟಗಾ ಸುತ್ತಿದ್ನಿ. ಇಷ್ಟ ಚಂದ ನೀನೂ ಸುತ್ತತಿರಲಿಲ್ಲ. ‘ಎಡಕ ವಾಲೇತ್ರಿ ಕಾಕಾ’ ಅಂದ. ‘ಸುಮ್ಮನ ಕುಂಡ್ರು, ಹದ್ದಿನ ಜುಟ್ಟ ಹಂಗ ಇರತೈತಿ’ ಅಂದ್ನಿ. ವೈನಿ ಸೆರಗ ಬಾಯಿಗೆ ಹಿಡಕೊಂಡು ನಕ್ಕಳು. ಆಮ್ಯಾಲ ಅಲ್ಲೇ ಕುಂತು ಅತ್ತಳು. ಅವ ನಿನ್ನ ಕೂಡ ಏನೋ ಮಾತಾಡಿದ, ನನಗ ಕೇಳಲಿಲ್ಲ. ನಾ ದೂರ ಹೋಗಿ ನಿಂತಿದ್ನಿ, ಆಡು ಕಾಯಾಂವನಂಗ.

ಈಗ ನಿನಗ ಹೇಳಬೇಕಾದ ಸುದ್ದಿ ಕೇಳು. ತಿರುಗಿ ಹೊಂಡೂವಾಗ ನಾ ಅವನ ಹಿಂದ ಬೇಕಂತನ ನಾಕ ಹೆಜ್ಜಿ ತಡದು ನಡದ್ನಿ. ಪಟಗಾ ಹೊತ್ತ ತಲಿ ಜೋಳದ ಮ್ಯಾಲ ಹೊಂಟಿತ್ತು. ಬದು ಬಂತು. ಅವನ ಕೈ ನೋಡಿದ್ನಿ, ನೀ ಹೇಳಿಕೊಟ್ಟಂಗ.

ಮುಟ್ಟಲಿಲ್ಲ ಬಾಳ್ಯಾ. ಒಮ್ಮಿ ಹೊಳ್ಳಿ ನಿನ್ನ ಕಡೆ ನೋಡಿ, ‘ಬರತೇನ್ರಿ ಕಾಕಾ’ ಅಂದು ಬದು ದಾಟಿದ.

ಮತ್ತ ಬರತಾನ. ಅವ ಹೋದಲ್ಲಿ ಹೋಗೂದು ನನ್ನ ಚಟ, ನಿನಗ ಗೊತ್ತೈತಿ. ಸೊಂಟ ಎಷ್ಟ ನೋಯಲಿ, ಅವನ ಹಿಂದ ನಾನೂ ಬರತೇನಿ. ಬಾಜೂ ಜಾಗಾ ಹಿಡದಿಡು.

ನಿನ್ನ,
ಸೋಮ್ಯಾ